ಪಿಸ್ತೂಲಿನ ಒದೆತಕ್ಕೆ ಕೈ ನೋಯುತ್ತಿದೆಯೇ? ಮೊದಲು ಹಿಡಿಯ ಅಳತೆ ನೋಡಿ

ಆರೋಗ್ಯ ಪ್ರಶ್ನೋತ್ತರ

ಪ್ರಶ್ನೆ: ನನಗೆ 27 ವರ್ಷ. ಪೊಲೀಸ್ ಸಬ್ ಇನ್‌ಸ್ಪೆಕ್ಟರ್ ತರಬೇತಿಯಲ್ಲಿದ್ದೇನೆ. 9 ಎಂ.ಎಂ. ಪಿಸ್ತೂಲಿನ ಫೈರಿಂಗ್ ಇದ್ದ ದಿನ ಸಂಜೆಯಿಂದಲೇ ಬಲಗೈ ಹೆಬ್ಬೆರಳ ಬುಡ ನೋಯತೊಡಗುತ್ತದೆ. ಬಕೆಟ್ ಎತ್ತುವುದು, ಬಾಟಲಿಯ ಮುಚ್ಚಳ ತಿರುಗಿಸುವುದು ಕಷ್ಟವಾಗುತ್ತದೆ. ಎರಡು ದಿನದಲ್ಲಿ ಕಡಿಮೆಯಾಗಿ, ಮುಂದಿನ ಫೈರಿಂಗ್‌ಗೆ ಮತ್ತೆ ಬರುತ್ತದೆ. ನನ್ನ ಕೈ ಚಿಕ್ಕದು. ಹಿಡಿಗೆ ರಬ್ಬರ್ ಕವರ್ ಹಾಕಿಸಿದರೆ ಒದೆತ ತಗ್ಗುತ್ತದೆ ಎಂದು ಜೊತೆಯವರು ಹೇಳುತ್ತಾರೆ. ಕೈಗೆ ಬಲ ಬಂದರೆ ತಾನಾಗಿಯೇ ಹೋಗುತ್ತದೆ ಎಂದು ಇನ್ನು ಕೆಲವರು ಹೇಳುತ್ತಾರೆ. ಇದು ನನ್ನ ದೌರ್ಬಲ್ಯವೇ? ಮುಂದೆ ಕೀಲು ಹಾಳಾಗಬಹುದೇ?
– ಹೆಸರು ಬೇಡ, ಕಲಬುರಗಿ

ಉತ್ತರ: ಇದು ದೌರ್ಬಲ್ಯವಲ್ಲ. ನೀವು ಬರೆದಿರುವ ಲಕ್ಷಣಗಳನ್ನು ಒಟ್ಟಿಗೆ ನೋಡಿದರೆ ಕೈಗೂ ಪಿಸ್ತೂಲಿನ ಹಿಡಿಗೂ ಅಳತೆ ಕೂಡಿಬರದೆ ಹುಟ್ಟಿದ ನೋವು ಎಂದೇ ತೋರುತ್ತದೆ. ನೋವು ಫೈರಿಂಗ್ ಆದ ದಿನ ಮಾತ್ರ ಬರುತ್ತದೆ, ಒಂದೇ ಜಾಗದಲ್ಲಿ ಬರುತ್ತದೆ, ಬಿಡುವು ಕೊಟ್ಟರೆ ಹೋಗುತ್ತದೆ. ಹಾಗಾಗಿ ಕೀಲು ಆಗಲೇ ಹಾಳಾಗಿದೆ ಎಂದು ಹೆದರಬೇಕಾಗಿಲ್ಲ. ಆದರೆ ಇದೇ ಕ್ರಮ ತಿಂಗಳುಗಟ್ಟಲೆ ನಡೆದರೆ ಈಗಿನ ಉರಿಯೂತ ನೆಲೆನಿಲ್ಲುವ ಕಾಯಿಲೆಯಾಗಬಹುದು. ಆದ್ದರಿಂದ ಸಹಿಸಿಕೊಂಡು ಹೋಗಿ ಎಂದು ನಾನು ಹೇಳುವುದಿಲ್ಲ, ಕಣ್ಣುಮುಚ್ಚಿ ರಬ್ಬರ್ ಸುತ್ತಿಸಿ ಎಂದೂ ಹೇಳುವುದಿಲ್ಲ. ಒಂದು ಮಾತನ್ನು ಮೊದಲೇ ಸ್ಪಷ್ಟಪಡಿಸಿಕೊಳ್ಳೋಣ: ಹಿಡಿಯ ಅಳತೆ ಬದಲಿಸಿದ ಮಾತ್ರಕ್ಕೆ ಒದೆತ ಕಡಿಮೆಯಾಗುವುದಿಲ್ಲ. ಆ ಒದೆತ ಕೈಯ ಯಾವ ಭಾಗದ ಮೇಲೆ, ಎಷ್ಟು ಅಗಲದ ಜಾಗದಲ್ಲಿ ಬೀಳುತ್ತದೆ ಎಂಬುದು ಬದಲಾಗುತ್ತದೆ. ನಿಮ್ಮ ನೋವಿಗೆ ಮದ್ದು ಇರುವುದು ಆ ಬದಲಾವಣೆಯಲ್ಲೇ.

ಒದೆತದ ಲೆಕ್ಕ ಬಹಳ ಸರಳ. ಗುಂಡು ಮುಂದಕ್ಕೆ ಹೋಗುವಾಗ ಅಷ್ಟೇ ಆವೇಗದಿಂದ ಪಿಸ್ತೂಲು ಹಿಂದಕ್ಕೆ ಬರುತ್ತದೆ. ಸಾಮಾನ್ಯ 9 ಎಂ.ಎಂ. ಗುಂಡಿನ ತೂಕ ಸುಮಾರು ಏಳೂವರೆ ಗ್ರಾಂ, ನಳಿಗೆ ಬಿಡುವಾಗ ಅದರ ವೇಗ ಸೆಕೆಂಡಿಗೆ ಸುಮಾರು 350 ಮೀಟರ್. ಮದ್ದಿನ ಅನಿಲವನ್ನೂ ಸೇರಿಸಿಕೊಂಡರೆ, ಒಂದು ಕಿಲೋಗೆ ತುಸು ಕಡಿಮೆ ತೂಗುವ ಪಿಸ್ತೂಲು ಸೆಕೆಂಡಿಗೆ ಮೂರು ಮೀಟರ್ ವೇಗದಲ್ಲಿ ನಿಮ್ಮ ಅಂಗೈಗೆ ಬಂದು ಬಡಿಯುತ್ತದೆ. ಶಕ್ತಿಯ ಲೆಕ್ಕದಲ್ಲಿ ಇದು ನಾಲ್ಕೈದು ಜೂಲ್. ಅರ್ಧ ಕಿಲೋ ತೂಕದ ಕಲ್ಲೊಂದು ಒಂದು ಮೀಟರ್ ಎತ್ತರದಿಂದ ಕೈ ಮೇಲೆ ಬಿದ್ದ ಹಾಗೆ. ಇದನ್ನೇ ಪಾಯಿಂಟ್ 22 ಕ್ರೀಡಾ ಪಿಸ್ತೂಲಿನ ಜೊತೆ ಹೋಲಿಸಿ ನೋಡಿ. ಅದರ ಗುಂಡು ಎರಡೂವರೆ ಗ್ರಾಂನಷ್ಟು, ಪಿಸ್ತೂಲು ಒಂದು ಕಿಲೋ ಆಸುಪಾಸು, ಒದೆತ ಅರ್ಧ ಜೂಲ್ ಕೂಡ ಆಗುವುದಿಲ್ಲ. ಈ ಅಂಕಿಗಳನ್ನು ಬದಲಿಸುವುದು ಗುಂಡಿನ ತೂಕ, ಅದರ ವೇಗ, ಮದ್ದಿನ ಅನಿಲ ಮತ್ತು ಆಯುಧದ ತೂಕ ಮಾತ್ರ. ಹಿಡಿ ಕಟ್ಟಿಗೆಯದೋ ರಬ್ಬರಿನದೋ ಎಂಬುದು ಈ ಲೆಕ್ಕವನ್ನು ಹೆಚ್ಚುಕಮ್ಮಿ ಮುಟ್ಟುವುದೇ ಇಲ್ಲ.

ಹಾಗಾದರೆ ಒಂದೇ ಪಿಸ್ತೂಲು ಒಬ್ಬರ ಕೈಗೆ ಹಗುರವಾಗಿ, ಇನ್ನೊಬ್ಬರ ಕೈಗೆ ಯಾತನೆಯಾಗಿ ಏಕೆ ಕಾಣುತ್ತದೆ? ಇದಕ್ಕೆ ಮೂರು ಕಾರಣಗಳಿವೆ. ಮೊದಲನೆಯದು ದಿಕ್ಕು. ಹೆಬ್ಬೆರಳು ಮತ್ತು ತೋರುಬೆರಳ ನಡುವಿನ ಸಂದು ಹಿಡಿಯ ಹಿಂಬದಿಗೆ ನೇರವಾಗಿ ಕೂತರೆ ಒದೆತ ಆ ಸಂದಿನ ದಪ್ಪ ಮಾಂಸಖಂಡದ ಮೂಲಕ ಮಣಿಕಟ್ಟಿಗೆ, ಅಲ್ಲಿಂದ ಮುಂಗೈ ಮೂಳೆಗಳಿಗೆ ಹರಿಯುತ್ತದೆ. ಅವು ಅದನ್ನು ತಡೆದುಕೊಳ್ಳಬಲ್ಲವು. ಹಿಡಿ ದಪ್ಪವಾಗಿ ಬೆರಳು ಟ್ರಿಗರ್ ಮುಟ್ಟದೆ ಹೋದರೆ ಕೈ ತಾನಾಗಿಯೇ ಪಕ್ಕಕ್ಕೆ ಸರಿಯುತ್ತದೆ. ಆಗ ಹಿಡಿಯ ಬೆನ್ನು ಹೆಬ್ಬೆರಳ ಬುಡದ ಗೆಣ್ಣಿನ ಮೇಲೆ ಕೂರುತ್ತದೆ, ಪ್ರತಿ ಗುಂಡಿಗೂ ಪೆಟ್ಟು ನೇರ ಆ ಕೀಲಿಗೆ. ಎರಡನೆಯದು ಜಾಗ. ಅಷ್ಟೇ ಬಲ ಅಗಲ ಜಾಗದಲ್ಲಿ ಹರಡಿದರೆ ಒತ್ತಡ ಕಡಿಮೆ, ಕಿರಿದಾದ ಅಂಚಿನ ಮೇಲೆ ಬಿದ್ದರೆ ಹೆಚ್ಚು. ಮೂರನೆಯದು ನಮ್ಮದೇ ಬಿಗಿತ. ಹಿಡಿ ಕೈಯಲ್ಲಿ ಸರಿಯಾಗಿ ಕೂರದಿದ್ದರೆ ಜಾರದಂತೆ ಹಿಡಿಯಲು ಹೆಬ್ಬೆರಳು ವಿಪರೀತ ಅದುಮುತ್ತದೆ. ಹೆಬ್ಬೆರಳ ತುದಿಯಿಂದ ಒಂದು ಕಿಲೋ ಬಲದಲ್ಲಿ ಚಿವುಟಿದರೆ ಅದರ ಬುಡದ ಕೀಲಿನ ಮೇಲೆ ಸುಮಾರು 12 ಕಿಲೋ ಭಾರ ಬೀಳುತ್ತದೆ ಎಂದು 1977ರಲ್ಲಿ ಪ್ರಕಟವಾದ ಕೈಯ ಯಂತ್ರವಿಜ್ಞಾನದ ಅಧ್ಯಯನವೊಂದು ಲೆಕ್ಕ ಹಾಕಿತ್ತು. ಅಷ್ಟು ಭಾರ ಹೊತ್ತು ಬಿಗಿದು ನಿಂತ ಕೀಲಿಗೆ ಒದೆತವೂ ಸೇರಿದರೆ ಸಂಜೆ ಬಾಟಲಿಯ ಮುಚ್ಚಳ ತಿರುಗಿಸಲಾಗದಿರುವುದು ಆಶ್ಚರ್ಯವಲ್ಲ.

ಯಾವ ಪಿಸ್ತೂಲು ಎಂದು ನೀವು ಬರೆದಿಲ್ಲ. ನಮ್ಮ ಪಡೆಗಳಲ್ಲಿ ಬಹುಕಾಲದಿಂದ ಬಳಕೆಯಲ್ಲಿರುವ 9 ಎಂ.ಎಂ. ಪಿಸ್ತೂಲು ಪಶ್ಚಿಮ ಬಂಗಾಳದ ಇಷಾಪುರದ ರೈಫಲ್ ಕಾರ್ಖಾನೆಯದು, 1935ರ ಬ್ರೌನಿಂಗ್ ಹೈ ಪವರ್ ವಿನ್ಯಾಸದ ಸಂತತಿ. ಅದರ ಮ್ಯಾಗಜೀನ್‌ನಲ್ಲಿ 13 ಗುಂಡುಗಳು ಒಂದರ ಪಕ್ಕ ಒಂದು ಎರಡು ಸಾಲಿನಲ್ಲಿ ಕೂರುತ್ತವೆ. ಹಾಗಾಗಿ ಒಂದೇ ಸಾಲಿನ ಮ್ಯಾಗಜೀನ್ ಇರುವ ಪಿಸ್ತೂಲಿಗಿಂತ ಅದರ ಹಿಡಿ ದಪ್ಪ. ಆ ದಪ್ಪದಲ್ಲಿ ಒಂದು ಪಾಲು ಉಕ್ಕಿನ ಚೌಕಟ್ಟಿನದು, ಅದನ್ನು ಬದಲಿಸಲಾಗದು. ಇನ್ನೊಂದು ಪಾಲು ಎರಡೂ ಕಡೆ ಸ್ಕ್ರೂ ಹಾಕಿ ಕೂರಿಸಿರುವ ಪಟ್ಟಿಗಳದು, ಅದನ್ನು ಬದಲಿಸಬಹುದು. ಇದೇ ವಿನ್ಯಾಸದಲ್ಲಿ ಇನ್ನೊಂದು ತೊಂದರೆಯೂ ಹೆಸರುವಾಸಿ: ಕೈಯನ್ನು ತೀರಾ ಮೇಲಕ್ಕೆ ಹಿಡಿದರೆ ಹಿಂದಕ್ಕೆ ಬರುವ ಸುತ್ತಿಗೆ, ಅಂದರೆ ಹ್ಯಾಮರ್, ಹೆಬ್ಬೆರಳ ಸಂದಿನ ಚರ್ಮವನ್ನು ಕಚ್ಚುತ್ತದೆ. ಅಲ್ಲಿ ತರಚು, ರಕ್ತದ ಗೆರೆ ಇದ್ದರೆ ಅದು ಚರ್ಮದ ಗಾಯ, ಕೀಲಿನ ನೋವಲ್ಲ. ಎರಡನ್ನೂ ಒಂದೇ ಎಂದು ತಿಳಿದು ಒಂದೇ ಮದ್ದು ಮಾಡಬಾರದು.

ಈಗ ರಬ್ಬರ್ ವಿಚಾರ. ನಿಮ್ಮ ಜೊತೆಯವರ ಸಲಹೆ ಪೂರ್ತಿ ಸುಳ್ಳಲ್ಲ, ಅದು ಬೇರೊಂದು ಕೈಗೆ ಸಲ್ಲುವ ಸಲಹೆ. ದೊಡ್ಡ ಅಂಗೈಯವರು ಸಣ್ಣ ಕಟ್ಟಿಗೆಯ ಹಿಡಿಯಿರುವ ರಿವಾಲ್ವರ್ ಹಿಡಿದಾಗ ಅದರ ಹಿಂಬದಿಯ ಕಿರಿದಾದ ಲೋಹದ ಪಟ್ಟಿ ಅಂಗೈಗೆ ಕೊರೆಯುತ್ತದೆ, ಬೆರಳ ತುದಿಗಳು ಸುತ್ತಿ ಬಂದು ಅಂಗೈಗೇ ಚುಚ್ಚುತ್ತವೆ, ಪ್ರತಿ ಒದೆತಕ್ಕೂ ಹಿಡಿ ಕೈಯೊಳಗೆ ಹೊರಳುತ್ತದೆ. ಅಂಥವರಿಗೆ ಹಿಂಬದಿಯನ್ನು ಮುಚ್ಚುವ ದಪ್ಪ ರಬ್ಬರ್ ಹಿಡಿ ನಿಜಕ್ಕೂ ಒಳ್ಳೆಯದು: ಜಾಗ ಅಗಲವಾಗುತ್ತದೆ, ಪೆಟ್ಟು ಮೆದುವಾಗುತ್ತದೆ. ನಿಮ್ಮ ತೊಂದರೆ ಇದಕ್ಕೆ ತದ್ವಿರುದ್ಧ. ಆಗಲೇ ದಪ್ಪವಾಗಿರುವ ಹಿಡಿಯ ಮೇಲೆ ಇನ್ನೆರಡು ಮಿಲಿಮೀಟರ್ ರಬ್ಬರ್ ಏರಿಸಿದರೆ ಬೆರಳು ಟ್ರಿಗರ್‌ನಿಂದ ಇನ್ನೂ ದೂರವಾಗುತ್ತದೆ, ಕೈ ಇನ್ನೂ ಪಕ್ಕಕ್ಕೆ ತಿರುಗುತ್ತದೆ, ಮೆತ್ತಗಿನ ರಬ್ಬರಿನ ಮೂಲಕವೇ ಪೆಟ್ಟು ಹೋಗಿ ಅದೇ ಗೆಣ್ಣಿಗೆ ಬೀಳುತ್ತದೆ. ಸೈಕಲ್ ಟ್ಯೂಬ್ ಕತ್ತರಿಸಿ ಹಿಡಿಗೆ ತೊಡಿಸುವ ರೂಢಿಯೂ ಕೆಲವೆಡೆ ಇದೆ. ಬೆವರಿಗೆ ಅದು ಸರಿದು ಮ್ಯಾಗಜೀನ್ ಬಿಡಿಸುವ ಗುಂಡಿಗೆ ಅಡ್ಡ ಬರಬಹುದಾದ್ದರಿಂದ ಕರ್ತವ್ಯದ ಆಯುಧಕ್ಕೆ ಅದು ಬೇಡವೇ ಬೇಡ. ಮೆತ್ತೆಯಿರುವ ಕೈಗವಸಿನದೂ ಇದೇ ಕಥೆ. ಚರ್ಮ ತರಚದಂತೆ ತೆಳು ಚರ್ಮದ ಗವಸು ಹಾಕಬಹುದು, ದಪ್ಪ ಗವಸು ಚಿಕ್ಕ ಕೈಯನ್ನು ಇನ್ನಷ್ಟು ಚಿಕ್ಕದು ಮಾಡುತ್ತದೆ.

ಅಳತೆ ಸರಿಯಿದೆಯೇ ಎಂದು ತಿಳಿಯಲು ಐದು ನಿಮಿಷ ಸಾಕು. ತರಬೇತುದಾರರ ಎದುರಿನಲ್ಲಿ, ಮ್ಯಾಗಜೀನ್ ತೆಗೆದು, ಛೇಂಬರ್ ಖಾಲಿಯಿರುವುದನ್ನು ಇಬ್ಬರೂ ಕಣ್ಣಾರೆ ನೋಡಿ, ಸುರಕ್ಷಿತ ದಿಕ್ಕಿಗೆ ಪಿಸ್ತೂಲು ಹಿಡಿಯಿರಿ. ಮೊದಲು ಟ್ರಿಗರ್ ಮರೆತುಬಿಡಿ. ಹೆಬ್ಬೆರಳ ಸಂದನ್ನು ಹಿಡಿಯ ಬೆನ್ನಿನ ನಟ್ಟನಡುವೆ, ಚೌಕಟ್ಟಿನ ಹಿಂದಕ್ಕೆ ಚಾಚಿದ ಬಾಲದ ಕೆಳಗೆ ಒತ್ತಿ ಕೂರಿಸಿ. ಮೇಲಿನಿಂದ ನೋಡಿದಾಗ ನಳಿಗೆ, ಮಣಿಕಟ್ಟು, ಮುಂಗೈ ಒಂದೇ ಗೆರೆಯಲ್ಲಿರಬೇಕು. ಕೈಯನ್ನು ಹಾಗೆಯೇ ಇಟ್ಟು ಈಗ ತೋರುಬೆರಳನ್ನು ಟ್ರಿಗರ್ ಮೇಲೆ ಇಡಿ. ಬೆರಳಿನ ಮೊದಲ ಗೆಣ್ಣಿನ ಮುಂದಿನ ಮೆತ್ತನೆ ಭಾಗದ ನಡು ಟ್ರಿಗರ್ ಮೇಲೆ ಕೂತರೆ ಅಳತೆ ಸರಿ. ಬರೀ ತುದಿ ತಾಗಿದರೆ, ಅಥವಾ ತಾಗಿಸಲು ಮಣಿಕಟ್ಟನ್ನು ತಿರುಗಿಸಬೇಕಾಗಿ ಬಂದರೆ, ಹಿಡಿ ದೊಡ್ಡದು. ಗೆಣ್ಣಿನ ಗೆರೆ ದಾಟಿ ಬೆರಳು ಒಳಹೋದರೆ, ಉಳಿದ ಬೆರಳ ತುದಿಗಳು ಅಂಗೈಗೆ ಚುಚ್ಚಿದರೆ ಹಿಡಿ ಸಣ್ಣದು. ಫೈರಿಂಗ್ ಮುಗಿದ ಕೂಡಲೇ ಅಂಗೈ ತೆರೆದು ಕೆಂಪಾದ ಗುರುತು ಎಲ್ಲಿದೆ ನೋಡಿ. ಸಂದಿನ ನಡುವೆ ಅಗಲವಾಗಿ ಹರಡಿದ್ದರೆ ಒಳ್ಳೆಯದು. ಹೆಬ್ಬೆರಳ ಬುಡದ ಮೂಳೆಯ ಮೇಲೆ ಉದ್ದುದ್ದ ಪಟ್ಟಿಯಂತೆ ಮೂಡಿದ್ದರೆ ನಿಮ್ಮ ನೋವಿನ ಮೂಲ ಕಣ್ಣೆದುರೇ ಇದೆ. ಆ ಗುರುತನ್ನು ಫೋನಿನಲ್ಲಿ ತೆಗೆದಿಟ್ಟುಕೊಳ್ಳಿ. ವೈದ್ಯರಿಗೂ, ಆಯುಧಗಳನ್ನು ನೋಡಿಕೊಳ್ಳುವ ಆರ್ಮರರ್‌ಗೂ ಹತ್ತು ಮಾತಿಗಿಂತ ಅದು ಹೆಚ್ಚು ತಿಳಿಸುತ್ತದೆ.

ಹಿಡಿ ದೊಡ್ಡದೆಂದು ಖಚಿತವಾದರೆ ಬದಲಾವಣೆಯನ್ನು ಆರ್ಮರರ್ ಕೈಯಿಂದಲೇ ಮಾಡಿಸಬೇಕು, ಇಲಾಖೆಯ ಆಯುಧವನ್ನು ನಾವೇ ಅರ ಹಾಕಿ ಉಜ್ಜುವುದು ಸಲ್ಲದು. ಹಳೆಯ ವಿನ್ಯಾಸದ ಪಿಸ್ತೂಲಿಗೆ ತೆಳು ಪಟ್ಟಿ ಸಿಕ್ಕರೆ ಎರಡೂ ಬದಿಯಿಂದ ಒಂದೊಂದೆರಡು ಮಿಲಿಮೀಟರ್ ಇಳಿಯುತ್ತದೆ. ಕೇಳಲು ಅಲ್ಪ, ಆದರೆ ಟ್ರಿಗರ್ ಬೆರಳ ತುದಿಯಿಂದ ಮೆತ್ತನೆ ಭಾಗದ ನಡುವಿಗೆ ಬರಲು ಅಷ್ಟೇ ಸಾಕಾಗುವುದುಂಟು. ಹೊಸ ಪಿಸ್ತೂಲುಗಳಲ್ಲಿ ಹಿಂಬದಿಯ ತುಂಡನ್ನೇ ಬಿಡಿಸಿ ಬೇರೆ ಅಳತೆಯದನ್ನು ಹಾಕುವ ಏರ್ಪಾಡಿದೆ. ವಾಲ್ಥರ್ ಕಂಪನಿಯ ಪಿ 99 ತೊಂಬತ್ತರ ದಶಕದಲ್ಲೇ ಇದನ್ನು ತಂದಿತು, ಗ್ಲಾಕ್ 2010ರಲ್ಲಿ ತನ್ನ ನಾಲ್ಕನೇ ಪೀಳಿಗೆಯಲ್ಲಿ ಅಳವಡಿಸಿತು. ನಿಮ್ಮದು ಅಂಥ ಪಿಸ್ತೂಲಾದರೆ ಬೇಕಾದ ತುಂಡು ಪೆಟ್ಟಿಗೆಯಲ್ಲೇ ಬಿದ್ದಿರಬಹುದು, ಕೇಳಿ ನೋಡಿ. ಯಾವುದೂ ಸಾಧ್ಯವಾಗದಿದ್ದರೆ ಹಿಡಿಯುವ ಕ್ರಮವನ್ನಾದರೂ ತಿದ್ದಿಕೊಳ್ಳಿ. ಎಡಗೈ ಅಂಗೈಯ ಬುಡವನ್ನು ಹಿಡಿಯ ಎಡಬದಿಯಲ್ಲಿ ಖಾಲಿ ಉಳಿದ ಜಾಗಕ್ಕೆ ಒತ್ತಿ ಕೂರಿಸಿ, ಬಿಗಿತದ ಹೆಚ್ಚಿನ ಪಾಲು ಎಡಗೈಗೆ ಬಿಟ್ಟು, ಬಲ ಹೆಬ್ಬೆರಳನ್ನು ಸಡಿಲವಾಗಿಡಿ. ಒದೆತದ ಭಾರ ಎರಡು ಕೈಗೂ ಹಂಚಿಹೋಗುತ್ತದೆ.

ಇನ್ನು ಕೈಗೆ ಬಲ ಬಂದರೆ ಎಲ್ಲ ಸರಿಹೋಗುತ್ತದೆ ಎಂಬ ಮಾತು. ಬಲ ಬೇಕು, ನಿಜ. ಆದರೆ ಅದೇ ಕೈ, ಅದೇ ಸ್ನಾಯು, ಹಿಡಿಯುವ ವಸ್ತುವಿನ ಅಳತೆ ಬದಲಾದರೆ ಬೇರೆ ಬಲ ತೋರಿಸುತ್ತದೆ. ಹಿಡಿತದ ಬಲ ಅಳೆಯಲು ಆಸ್ಪತ್ರೆಗಳಲ್ಲಿ ಬಳಸುವ ಜಾಮರ್ ಉಪಕರಣದ ಹಿಡಿಯನ್ನು ಐದು ಅಳತೆಗಳಲ್ಲಿ ಹೊಂದಿಸಬಹುದು. ಹೆಚ್ಚಿನವರು ಪೂರ್ಣ ಬಲ ತೋರುವುದು ಎರಡನೆಯ ಅಥವಾ ಮೂರನೆಯ ಅಳತೆಯಲ್ಲಿ. ತೀರಾ ಕಿರಿದಾದ ಮೊದಲನೆಯದರಲ್ಲೂ ತೀರಾ ಅಗಲವಾದ ಐದನೆಯದರಲ್ಲೂ ಬಲ ಎದ್ದು ಕಾಣುವಷ್ಟು ಕುಸಿಯುತ್ತದೆ. ಬೆರಳು ಅತಿಯಾಗಿ ಮಡಚಿದಾಗಲೂ ಅತಿಯಾಗಿ ಚಾಚಿದಾಗಲೂ ಸ್ನಾಯುವಿನ ಎಳೆಗಳು ಒಂದನ್ನೊಂದು ಸರಿಯಾಗಿ ಎಳೆದುಕೊಳ್ಳಲಾರವು ಎಂಬುದೇ ಇದರ ಕಾರಣ. ಅಂದರೆ ಅಳತೆ ತಪ್ಪಿದ ಹಿಡಿಯಲ್ಲಿ ನೀವು ಗಳಿಸಿದ ಬಲವೂ ಒಂದು ಪಾಲು ವ್ಯರ್ಥ. ಉರಿಯೂತ ಇರುವ ಕೀಲು, ಸ್ನಾಯುರಜ್ಜುಗಳ ಮೇಲೆ ಸ್ಪ್ರಿಂಗ್ ಗ್ರಿಪ್ಪರ್ ಒತ್ತುವ ವ್ಯಾಯಾಮ ನೋವನ್ನು ಹೆಚ್ಚಿಸುತ್ತದೆ ಕೂಡ. ಮೊದಲು ವಿಶ್ರಾಂತಿ ಮತ್ತು ಅಳತೆ, ಕೊನೆಗೆ ಬಲ: ಈ ಕ್ರಮ ತಪ್ಪಬಾರದು.

ಚಿಕ್ಕ ಕೈಯ ಮಾತು ಬಂದಾಗಲೆಲ್ಲ ಕೇಳಿಬರುವ, ಹೆಣ್ಣುಮಕ್ಕಳಿಗೆ ಹಗುರ ಆಯುಧ ಕೊಟ್ಟರೆ ಸಾಕಲ್ಲವೇ ಎಂಬ ವಾದವನ್ನೂ ನೋಡೋಣ. ಹಗುರವಾದದ್ದು ಹೊತ್ತು ತಿರುಗಲು ಸುಲಭ, ಹಾರಿಸಲು ಅಲ್ಲ. ಕಾನ್ಪುರದ ಆಯುಧ ಕಾರ್ಖಾನೆ 2014ರಲ್ಲಿ ಮಹಿಳೆಯರಿಗೆಂದೇ ತಂದ ‘ನಿರ್ಭೀಕ್’ ಪಾಯಿಂಟ್ 32 ರಿವಾಲ್ವರ್‌ನ ತೂಕ ಸುಮಾರು 500 ಗ್ರಾಂ. ಅದರ ಗುಂಡು ಸೌಮ್ಯವಾದದ್ದು, ಆದ್ದರಿಂದ ಒದೆತ 9 ಎಂ.ಎಂ.ನಷ್ಟಿಲ್ಲ. ಆದರೆ ಅದೇ ಗುಂಡನ್ನು 750 ಗ್ರಾಂ ತೂಗುವ ರಿವಾಲ್ವರ್‌ನಲ್ಲಿ ಹಾರಿಸಿದರೆ ಒದೆತದ ಶಕ್ತಿ ಮೂರರಲ್ಲಿ ಎರಡು ಪಾಲಿಗೆ ಇಳಿಯುತ್ತದೆ. ತೂಕ ಕಡಿಮೆ ಮಾಡಿದಷ್ಟೂ ಪೆಟ್ಟು ಹೆಚ್ಚು. ಚಿಕ್ಕ ಕೈಗೆ ಬೇಕಾದದ್ದು ಹಗುರತನಕ್ಕಿಂತ ಮೊದಲು ಹೊಂದುವ ಹಿಡಿ. ಅದು ಹೆಣ್ಣು ಗಂಡಿನ ಪ್ರಶ್ನೆಯೂ ಅಲ್ಲ, ಚಿಕ್ಕ ಕೈಯ ಗಂಡಸರೂ ಇದೇ ನೋವನ್ನು ಬಾಯಿಬಿಡದೆ ನುಂಗುತ್ತಿರುತ್ತಾರೆ.

ಎಲ್ಲಕ್ಕಿಂತ ತೂಕದ ಆಕ್ಷೇಪ ಇಲಾಖೆಯದು. ಆಯುಧ ಎಲ್ಲರಿಗೂ ಸೇರಿದ್ದು, ತುರ್ತಿನಲ್ಲಿ ಯಾರ ಕೈಗೆ ಯಾವ ಪಿಸ್ತೂಲು ಬರುವುದೋ ಹೇಳಲಾಗದು, ಒಬ್ಬೊಬ್ಬರ ಕೈಗೆ ಒಂದೊಂದು ಹಿಡಿ ಮಾಡುತ್ತಾ ಕೂತರೆ ಶಿಸ್ತು ಉಳಿಯುವುದು ಹೇಗೆ? ಇದನ್ನು ತಳ್ಳಿಹಾಕಲಾಗದು. ಆದರೆ ನೋವಿನಲ್ಲಿ ಕಲಿತವರು ಏನು ಕಲಿಯುತ್ತಾರೆ ಎಂಬುದನ್ನೂ ಕೇಳಬೇಕು. ಪೆಟ್ಟು ಬರುತ್ತದೆಂದು ಮೊದಲೇ ಗೊತ್ತಿರುವ ಕೈ, ಟ್ರಿಗರ್ ಒತ್ತುವ ಕ್ಷಣಕ್ಕೆ ತುಸು ಮುಂಚೆಯೇ ಬೆಚ್ಚಿ ನಳಿಗೆಯನ್ನು ಕೆಳಕ್ಕೆ ತಳ್ಳುತ್ತದೆ, ಗುಂಡು ಗುರಿಯ ಕೆಳಗೆ ಬೀಳುತ್ತದೆ. ಈ ಅಭ್ಯಾಸ ಒಮ್ಮೆ ಬೇರೂರಿದರೆ ನೋವು ಹೋದ ಮೇಲೂ ಉಳಿಯುತ್ತದೆ, ಅದು ಜನರ ನಡುವೆ ಕರ್ತವ್ಯ ಮಾಡುವವರಿಗೆ ಸುರಕ್ಷತೆಯ ಪ್ರಶ್ನೆ. ಹೊಂದುವ ಹಿಡಿಯಲ್ಲಿ ಬುನಾದಿ ಕಲಿತು, ಕೊನೆಕೊನೆಗೆ ಸಾಮಾನ್ಯ ಹಿಡಿಯಲ್ಲೂ ಕೆಲವು ಸುತ್ತು ಹಾರಿಸಿ ರೂಢಿ ಮಾಡಿಕೊಂಡರೆ ಎರಡೂ ಉದ್ದೇಶಗಳು ಈಡೇರುತ್ತವೆ. ಅಮೆರಿಕದ ಸೇನೆ 1985ರಿಂದ ಬಳಸಿದ ಬೆರೆಟ್ಟಾ ಪಿಸ್ತೂಲಿನ ದಪ್ಪ ಹಿಡಿಯ ಬಗ್ಗೆ ಚಿಕ್ಕ ಕೈಯ ಸೈನಿಕರಿಂದ ದೂರು ಇದ್ದೇ ಇತ್ತು. 2017ರಿಂದ ಅದರ ಜಾಗಕ್ಕೆ ಬಂದ ಪಿಸ್ತೂಲಿಗೆ ಬೇರೆ ಬೇರೆ ಅಳತೆಯ ಹಿಡಿಗಳಿವೆ. ಅಷ್ಟು ದೊಡ್ಡ ಪಡೆಯ ಶಿಸ್ತಿಗೆ ಅಡ್ಡಿಯಾಗದ ಏರ್ಪಾಡು ನಮ್ಮ ತರಬೇತಿ ಶಾಲೆಗೂ ಅಡ್ಡಿಯಾಗಲಾರದು. ಒಲಿಂಪಿಕ್ಸ್ ಪಿಸ್ತೂಲು ಸ್ಪರ್ಧಿಗಳಂತೂ ಕಟ್ಟಿಗೆಯ ಹಿಡಿಗೆ ಮೆತ್ತು ತುಂಬಿ, ಉಪ್ಪುಕಾಗದದಲ್ಲಿ ಉಜ್ಜಿ ತಮ್ಮ ಅಂಗೈಯ ಅಚ್ಚಿಗೆ ಹೊಂದಿಸಿಕೊಳ್ಳುತ್ತಾರೆ. ಅಂತರರಾಷ್ಟ್ರೀಯ ನಿಯಮವೇ ಒಂದು ಮಿತಿಯೊಳಗೆ ಅದಕ್ಕೆ ಅವಕಾಶ ಕೊಟ್ಟಿದೆ.

ಇಷ್ಟು ಹೇಳಿದ ಮೇಲೂ ಎಲ್ಲ ನೋವಿಗೂ ಹಿಡಿಯೇ ಕಾರಣವಲ್ಲ. ಹೆಬ್ಬೆರಳನ್ನು ಮುಷ್ಟಿಯೊಳಗೆ ಮಡಚಿ ಮಣಿಕಟ್ಟನ್ನು ಕಿರುಬೆರಳ ಕಡೆಗೆ ಮೆಲ್ಲಗೆ ಬಾಗಿಸಿ. ಮಣಿಕಟ್ಟಿನ ಹೆಬ್ಬೆರಳ ಬದಿಯಲ್ಲಿ ಚುಳುಕ್ ಎಂದರೆ ಅದು ಸ್ನಾಯುರಜ್ಜುಗಳ ಕವಚದ ಊತ, ಡಿ ಕರ್ವೇನ್ ಕಾಯಿಲೆ ಇರಬಹುದು. ದಿನವಿಡೀ ಮೊಬೈಲ್ ಒತ್ತುವವರಿಗೆ, ಬಾಣಂತಿಯರಿಗೆ, ಎಳೆ ಮಗುವನ್ನು ಎತ್ತಿಕೊಳ್ಳುವವರಿಗೆ ಪಿಸ್ತೂಲಿಲ್ಲದೆಯೂ ಇದು ಬರುತ್ತದೆ. ರಾತ್ರಿ ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ಎಚ್ಚರವಾಗಿ, ಕೈ ಕೊಡವಿದರೆ ಸರಿಹೋಗುವುದಾದರೆ ಅದು ಮಣಿಕಟ್ಟಿನಲ್ಲಿ ನರ ಒತ್ತಿಹೋಗುವ ಕಾರ್ಪಲ್ ಟನಲ್ ತೊಂದರೆ. ಅದರ ಹಿಂದೆ ಥೈರಾಯ್ಡ್ ಕೊರತೆ, ಸಕ್ಕರೆ ಕಾಯಿಲೆ, ಗರ್ಭಾವಸ್ಥೆ ಇರಬಹುದಾದ್ದರಿಂದ ರಕ್ತಪರೀಕ್ಷೆ ಬೇಕಾಗುತ್ತದೆ. ಒಂದೇ ಒಂದು ಜೋರು ಪೆಟ್ಟು ತಗುಲಿದ ಅಥವಾ ಬಿದ್ದ ನಂತರ ಹೆಬ್ಬೆರಳ ಬುಡದ ಹಿಂಭಾಗದ ಗುಳಿಯನ್ನು ಒತ್ತಿದಾಗ ನೋವಾದರೆ ಅಲ್ಲಿನ ಚಿಕ್ಕ ಮೂಳೆ ಬಿರುಕುಬಿಟ್ಟಿರಬಹುದು. ಮೊದಲ ಎಕ್ಸ್‌ರೇಯಲ್ಲಿ ಅದು ಕಾಣದೆಯೂ ಹೋಗಬಹುದು, ನೋವು ಉಳಿದರೆ ಹತ್ತು ಹದಿನಾಲ್ಕು ದಿನದ ನಂತರ ಮತ್ತೆ ತೆಗೆಸಬೇಕು. ಮರಗಟ್ಟುವಿಕೆ, ಕೈಯಿಂದ ವಸ್ತು ಜಾರುವುದು, ಬೆರಳು ಸಿಕ್ಕಿಹಾಕಿಕೊಳ್ಳುವುದು, ಊತ, ಮೂರು ವಾರ ದಾಟಿದ ನೋವು, ಇವುಗಳಲ್ಲಿ ಯಾವುದಿದ್ದರೂ ಮೂಳೆತಜ್ಞರನ್ನು ಕಾಣಲು ತಡಮಾಡಬೇಡಿ.

ಸದ್ಯಕ್ಕೆ ನೀವು ಮಾಡಬೇಕಾದದ್ದು ಇಷ್ಟು. ನೋವು ಪೂರ್ತಿ ಇಳಿಯುವವರೆಗೆ, ಸಾಮಾನ್ಯವಾಗಿ ಎರಡು ಮೂರು ವಾರ, 9 ಎಂ.ಎಂ. ಫೈರಿಂಗ್‌ಗೆ ಬಿಡುವು ಕೇಳಿ. ವೈದ್ಯರ ಚೀಟಿ ಇದ್ದರೆ ಸುಲಭವಾಗುತ್ತದೆ. ಹೆಬ್ಬೆರಳನ್ನೂ ಮಣಿಕಟ್ಟನ್ನೂ ಹಿಡಿದಿಡುವ ಪಟ್ಟಿಯನ್ನು ರಾತ್ರಿ ಹಾಗೂ ಭಾರದ ಕೆಲಸದ ಹೊತ್ತಿನಲ್ಲಿ ಧರಿಸಿ. ಬಟ್ಟೆಯಲ್ಲಿ ಸುತ್ತಿದ ಐಸ್ ಅನ್ನು ಹತ್ತು ನಿಮಿಷ ಇಡಿ, ನೋವಿನ ಮುಲಾಮು ಹಚ್ಚಿ. ನೋವಿನ ಮಾತ್ರೆ ಹೊಟ್ಟೆಹುಣ್ಣು, ಮೂತ್ರಪಿಂಡದ ತೊಂದರೆ, ಗರ್ಭಾವಸ್ಥೆ ಇರುವವರಿಗೆ ಆಗದು, ವೈದ್ಯರನ್ನು ಕೇಳದೆ ನುಂಗಬೇಡಿ. ಫೈರಿಂಗ್‌ಗೆ ಹೋಗುವ ಮುನ್ನ ಮಾತ್ರೆ ನುಂಗಿ ನೋವು ಮುಚ್ಚಿಡುವುದು ಎಲ್ಲಕ್ಕಿಂತ ಕೆಟ್ಟದ್ದು, ಕೈ ಕೊಡುವ ಎಚ್ಚರಿಕೆಯನ್ನು ಅದು ಅಳಿಸಿಹಾಕುತ್ತದೆ. ಬಿಡುವಿನ ವಾರಗಳಲ್ಲಿ ಹಿಡಿಯ ಅಳತೆ ಸರಿಪಡಿಸಿಕೊಳ್ಳಿ. ಮರಳುವಾಗ ಮೊದಲು ಗುಂಡಿಲ್ಲದ ಅಭ್ಯಾಸ, ಸಿಗುವುದಾದರೆ ಪಾಯಿಂಟ್ 22 ಪಿಸ್ತೂಲು, ಆಮೇಲೆ 9 ಎಂ.ಎಂ.ನಲ್ಲಿ ಹತ್ತು ಗುಂಡು, ಮರುದಿನ ನೋವಿಲ್ಲದಿದ್ದರೆ ಇಪ್ಪತ್ತು. ಮೆತ್ತಗಿನ ಚೆಂಡು ಒತ್ತುವ, ಬೆರಳುಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ಅಗಲಿಸುವ ವ್ಯಾಯಾಮವನ್ನು ಆಗ ಶುರುಮಾಡಿ.

ತರಬೇತುದಾರರ ಬಳಿ ಹೋಗಿ ಕೈ ನೋಯುತ್ತದೆ ಎಂದಷ್ಟೇ ಹೇಳಿದರೆ ದೂರಿನಂತೆ ಕೇಳಿಸಬಹುದು. ಹಿಡಿ ಸರಿಯಾಗಿ ಕೂತಾಗ ನನ್ನ ಬೆರಳು ಟ್ರಿಗರ್ ಮುಟ್ಟುವುದಿಲ್ಲ, ಬೆರಳು ಮುಟ್ಟಿಸಿದಾಗ ಒದೆತ ಹೆಬ್ಬೆರಳ ಕೀಲಿಗೆ ಬೀಳುತ್ತದೆ ಎಂದು ಹಿಡಿದು ತೋರಿಸಿ. ಆಯುಧ ಬಲ್ಲ ಯಾರಿಗಾದರೂ ಅದು ಕೂಡಲೇ ಅರ್ಥವಾಗುತ್ತದೆ. ಒಂದು ತೆಳು ಪಟ್ಟಿಯ ಬೆಲೆಗೆ ನಿಮ್ಮ ಮುಂದಿನ ಮೂವತ್ತು ವರ್ಷದ ಸೇವೆಯಲ್ಲಿ ಬಲಗೈ ಹೆಬ್ಬೆರಳು ನೋವಿಲ್ಲದೆ ಉಳಿಯಬಹುದು. ಅದನ್ನು ಸಂಕೋಚವಿಲ್ಲದೆ ಕೇಳಿ ಪಡೆಯಿರಿ.